ಒಂದೇ ಸಾಫ್ಟ್‌ವೇರ್, ಹತ್ತು ಗಿರಾಕಿ: ಕಾಪಿ, ಫ್ಲ್ಯಾಗ್, ಮಾಡ್ಯೂಲ್, ಫೀಚರ್ ಮಾಡೆಲ್‌ಗಳಲ್ಲಿ ನಿಮಗೆ ಯಾವುದು?

ಚಿಕ್ಕಮಗಳೂರು, ಹಾಸನದಲ್ಲಿ ಕೂತು ಸಾಫ್ಟ್‌ವೇರ್ ಮಾಡುವವರು ಈಗ ಕಡಿಮೆಯೇನಿಲ್ಲ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವರಿದ್ದಾರೆ, ಕಾಲೇಜು ಮುಗಿಸಿ ಇಲ್ಲೇ ಉಳಿದವರಿದ್ದಾರೆ. ಮೂರ್ನಾಲ್ಕು ಜನ ಸೇರಿ ಕಾಫಿ ತೋಟದ ಲೆಕ್ಕ, ಕ್ಯೂರಿಂಗ್ ವರ್ಕ್ಸ್‌ನ ಸ್ಟಾಕು, ಹೋಂಸ್ಟೇ ಬುಕಿಂಗ್ ಅಂತ ಏನಾದರೊಂದು ಮಾಡಿ ಮಾರುತ್ತಿದ್ದಾರೆ. ಇವರಲ್ಲಿ ಹಲವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮೊದಲ ಗಿರಾಕಿಗೆ ಮಾಡಿಕೊಟ್ಟದ್ದು ಚೆನ್ನಾಗಿ ಓಡುತ್ತಿದೆ. ಎರಡನೆಯವರು ಬಂದು “ಇದೇ ಬೇಕು, ಆದರೆ...” ಅಂದರು. ಮೂರನೆಯವರದ್ದು ಇನ್ನೊಂದು “ಆದರೆ”. ಈಗೇನು ಮಾಡೋದು? ಒಬ್ಬೊಬ್ಬರಿಗೂ ಒಂದೊಂದು ಕಾಪಿ ಇಡೋದಾ, ಕೋಡ್ ತುಂಬ ಇಫ್ ಹಾಕೋದಾ, ಸೆಟ್ಟಿಂಗ್ಸ್‌ನಲ್ಲಿ ಆನ್-ಆಫ್ ಕೊಡೋದಾ, ಇಲ್ಲಾ ಯಾರೋ ಹೇಳಿದರು ಅಂತ ಫೀಚರ್ ಮಾಡೆಲ್, ಅಂದರೆ ಯಾವ ಫೀಚರ್ ಜೊತೆ ಯಾವುದು ಸೇರಬಹುದು ಅಂತ ಬರೆದಿಡುವ ಪದ್ಧತಿ, ಕಲಿಯೋದಾ?

ಒಂದೇ ಮೂಲದಿಂದ ಹೊರಡುವ ಇಂಥ ಸಾಫ್ಟ್‌ವೇರ್‌ಗಳ ಗುಂಪಿಗೆ ಪ್ರಾಡಕ್ಟ್ ಲೈನ್ ಅನ್ನುತ್ತಾರೆ. ದೊಡ್ಡ ಕಾರು ಕಂಪನಿಗಳ ಮಾತು ಅಂತ ದೂರ ಇಡಬೇಡಿ. ಮೂಡಿಗೆರೆಯ ಒಂದು ತೋಟಕ್ಕೂ ಸಕಲೇಶಪುರದ ಇನ್ನೊಂದು ತೋಟಕ್ಕೂ ಒಂದೇ ಆ್ಯಪನ್ನು ಸ್ವಲ್ಪ ಬೇರೆ ಬೇರೆ ರೀತಿ ಕೊಟ್ಟಿದ್ದರೆ ನಿಮ್ಮದೂ ಪ್ರಾಡಕ್ಟ್ ಲೈನೇ.

ಯಾವುದರ ಮೇಲೆ ತೂಗಬೇಕು

ಮೊದಲನೆಯದು, ವ್ಯತ್ಯಾಸವನ್ನು ಯಾರು, ಯಾವಾಗ ತೀರ್ಮಾನಿಸುತ್ತಾರೆ ಅನ್ನೋದು. ಬಿಲ್ಡ್ ಮಾಡುವಾಗ ನೀವೇ ತೀರ್ಮಾನಿಸಬಹುದು. ಇನ್‌ಸ್ಟಾಲ್ ಮಾಡಲು ಹೋದ ಹುಡುಗ ತೀರ್ಮಾನಿಸಬಹುದು. ಅಥವಾ ತೋಟದ ಲೆಕ್ಕ ಬರೆಯುವ ರೈಟರ್ ಸೀಸನ್ ನಡುವೆ ತಾವೇ ಬದಲಾಯಿಸಬಹುದು. ಹಣ್ಣು ಕೊಯ್ಯುವಾಗ ಕೆಜಿ ಲೆಕ್ಕದ ಕೂಲಿ, ಉಳಿದ ಕೆಲಸಕ್ಕೆ ದಿನಗೂಲಿ ಅಂತ ಇರುವ ತೋಟದಲ್ಲಿ ಈ ಬದಲಾವಣೆಗೆ ನಿಮಗೆ ಫೋನ್ ಮಾಡುವ ಸ್ಥಿತಿ ಇರಬಾರದು.

ಎರಡನೆಯದು, ಒಂದು ಕಡೆ ಸರಿ ಮಾಡಿದ್ದು ಎಲ್ಲರಿಗೂ ತಲುಪಲು ಎಷ್ಟು ಕಷ್ಟ ಅನ್ನೋದು. ಮೂರನೆಯದು ಜನ. ಇಬ್ಬರೇ ಇದ್ದೀರಾ? ಅವರಲ್ಲಿ ಒಬ್ಬರು ನಾಳೆ ಬೆಂಗಳೂರಿಗೆ ಹೊರಟುಬಿಟ್ಟರೆ ಯಾವ ಗಿರಾಕಿಗೆ ಏನು ಕೊಟ್ಟಿದ್ದೀರಿ ಅನ್ನೋದು ಉಳಿದವರಿಗೆ ಗೊತ್ತಿರುತ್ತದಾ?

ಹೆಚ್ಚಿನವರು ನೋಡದೇ ಬಿಡುವುದು ನಾಲ್ಕನೆಯದನ್ನು: ಫೀಚರ್‌ಗಳ ನಡುವೆ ಎಷ್ಟು ನಂಟಿದೆ? ಇದು ಬೇಕಾದರೆ ಅದೂ ಬೇಕು, ಇದಿದ್ದರೆ ಅದು ಇರಕೂಡದು, ಈ ಮೂರರಲ್ಲಿ ಒಂದೇ ಇರಬೇಕು, ಹೀಗೆ. “ನಮ್ಮದರಲ್ಲಿ 40 ಫೀಚರ್ ಇದೆ, ಯಾವ ಟೂಲ್ ತಗೊಳ್ಳೋಣ?” ಅಂತ ಕೇಳುತ್ತಾರೆ. ಒಂದಕ್ಕೊಂದು ಸಂಬಂಧವೇ ಇಲ್ಲದ 40 ಫೀಚರ್ ಇದ್ದರೆ ಟಿಕ್ ಹಾಕುವ ಒಂದು ಪಟ್ಟಿ ಸಾಕು. ಒಂದಕ್ಕೊಂದು ಹೆಣೆದುಕೊಂಡ ಹತ್ತೇ ಫೀಚರ್ ಇದ್ದರೂ ತಲೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ನನ್ನ ಪ್ರಕಾರ ಆಯ್ಕೆ ನಿಲ್ಲಬೇಕಾದದ್ದು ಈ ನಂಟುಗಳ ಮೇಲೆ. ಫೀಚರ್‌ಗಳ ಎಣಿಕೆ ಆಮೇಲೆ.

ಗಿರಾಕಿಗೊಂದು ಕಾಪಿ

ಇದು ಎಲ್ಲರೂ ಮೊದಲು ಹಿಡಿಯುವ ದಾರಿ. ಫೋಲ್ಡರ್ ಕಾಪಿ ಮಾಡಿ ಅಥವಾ ಗಿಟ್‌ನಲ್ಲಿ ಒಂದು ಬ್ರಾಂಚ್ ತೆಗೆದು ಬೇಕಾದ ಹಾಗೆ ತಿದ್ದೋದು. ಇದನ್ನು ಬೈಯುವುದು ಸುಲಭ. ಆದರೆ ದೊಡ್ಡ ಕಂಪನಿಗಳಲ್ಲೂ ಇದು ಇವತ್ತಿಗೂ ನಡೆಯುತ್ತದೆ, ಅದಕ್ಕೆ ಕಾರಣವೂ ಇದೆ. ಅವತ್ತೇ ಕೆಲಸ ಆಗುತ್ತದೆ. ಒಬ್ಬರಿಗೆ ಮಾಡಿದ ಬದಲಾವಣೆಯಿಂದ ಇನ್ನೊಬ್ಬರ ಸಾಫ್ಟ್‌ವೇರ್ ಕೆಡುವ ಭಯ ಇರುವುದಿಲ್ಲ. ಹೊಸದಾಗಿ ಏನೂ ಕಲಿಯಬೇಕಿಲ್ಲ.

ಬಿಲ್ ಬರುವುದು ಆಮೇಲೆ. ತುಟ್ಟಿಭತ್ಯೆ ಬದಲಾಯಿತು ಅಂತಿಟ್ಟುಕೊಳ್ಳಿ. ಕೂಲಿ ಲೆಕ್ಕದ ಒಂದು ಸಾಲನ್ನು ಎಂಟು ಕಾಪಿಯಲ್ಲಿ ತಿದ್ದಬೇಕು. ಅಷ್ಟರಲ್ಲಿ ಎಂಟರಲ್ಲಿ ಮೂರು ಕಾಪಿಯಲ್ಲಿ ಆ ಸಾಲು ಬೇರೆ ರೂಪ ತಾಳಿರುತ್ತದೆ. ಮರ್ಜ್ ಮಾಡಿದರೆ ಕಾನ್ಫ್ಲಿಕ್ಟ್. ಶನಿವಾರದ ಬಟವಾಡೆಗೆ ಜನ ಸಾಲು ನಿಂತಿರುವಾಗ ಇದು ಗೊತ್ತಾದರೆ ಕಷ್ಟ.

ಗಿರಾಕಿಗಳು ಎರಡು ಮೂರೇ ಇದ್ದು, ಬದಲಾವಣೆ ಅಪರೂಪವಾಗಿದ್ದರೆ ಕಾಪಿಯಲ್ಲೇ ಇರಿ. ಈ ವ್ಯವಹಾರ ಉಳಿಯುತ್ತದೋ ಇಲ್ಲವೋ ಎಂಬುದೇ ಇನ್ನೂ ಗೊತ್ತಿಲ್ಲದಿದ್ದರಂತೂ ಬೇರೆ ಯೋಚನೆಯೇ ಬೇಡ. ಒಂದು ಕೆಲಸ ಮಾತ್ರ ಮಾಡಿ: ಎಲ್ಲರಿಗೂ ಸೇರಿದ ಭಾಗವನ್ನು ಬೇರೆ ಲೈಬ್ರರಿ ಮಾಡಿಡಿ. ನಾಲ್ಕನೆಯ ಗಿರಾಕಿ ಬಂದಾಗ ನಿಮಗೇ ಉಪಯೋಗ.

ಬಿಲ್ಡ್ ಹೊತ್ತಿನಲ್ಲೇ ಕತ್ತರಿಸುವುದು

ಯಾವ ಕೋಡ್ ಸೇರಬೇಕು ಅಂತ ಬಿಲ್ಡ್ ಮಾಡುವಾಗಲೇ ಹೇಳುವ ಗುರುತುಗಳಿವು: ಸಿ ಭಾಷೆಯಲ್ಲಿ ಇಫ್‌ಡೆಫ್, ಆಂಡ್ರಾಯ್ಡ್‌ನಲ್ಲಿ ಬಿಲ್ಡ್ ಟೂಲ್ ಗ್ರೇಡಲ್‌ನ ಪ್ರಾಡಕ್ಟ್ ಫ್ಲೇವರ್. ಬೇಡದ ಕೋಡ್ ಬೈನರಿಗೆ ಬರುವುದೇ ಇಲ್ಲ. ತಕ್ಕಡಿಗೆ ಜೋಡಿಸುವ ಪೆಟ್ಟಿಗೆ, ಕಣದಲ್ಲಿ ತೇವಾಂಶ ನೋಡುವ ಸಾಧನ, ಪಂಪ್ ಕಂಟ್ರೋಲರ್ ಇಂಥವನ್ನು ಮಾಡುವವರಿಗೆ ಮೆಮೊರಿ ಕಡಿಮೆ, ಹಾಗಾಗಿ ಇದು ಬೇಕೇ ಬೇಕು. ವೆಬ್ ಆ್ಯಪ್ ಮಾಡುವವರಿಗೆ ಹೆಚ್ಚು ಉಪಯೋಗ ಇಲ್ಲ.

ಒಂದರೊಳಗೆ ಒಂದು ಇಫ್‌ಡೆಫ್ ಸೇರಿದಂತೆ ಕೋಡ್ ಓದಲಾಗದ ಸ್ಥಿತಿಗೆ ಬರುತ್ತದೆ. ಇದರ ವಿರುದ್ಧ 1992ರಲ್ಲೇ ಪ್ರಬಂಧ ಬಂದಿತ್ತು. ಇನ್ನೊಂದು ತೊಂದರೆ, ನೀವು ಬಿಲ್ಡ್ ಮಾಡದ ಜೋಡಣೆಯನ್ನು ಕಂಪೈಲರ್ ಕೂಡ ನೋಡಿರುವುದಿಲ್ಲ. ಗಿರಾಕಿ ಕೇಳಿದ ದಿನವೇ ತಪ್ಪು ಹೊರಗೆ ಬರೋದು.

ಓಡುವಾಗ ಆನ್-ಆಫ್: ಫ್ಲ್ಯಾಗ್‌ಗಳು

ಎಲ್ಲರಿಗೂ ಒಂದೇ ಕೋಡ್. ಡೇಟಾಬೇಸ್‌ನಲ್ಲಿ ಗಿರಾಕಿಯ ಹೆಸರಿನ ಮುಂದೆ ಯಾವುದು ಆನ್, ಯಾವುದು ಆಫ್ ಅಂತ ಇರುತ್ತದೆ. ಸರಿ ಮಾಡಿದ್ದು ಒಂದೇ ಸಲ ಎಲ್ಲರಿಗೂ ತಲುಪುತ್ತದೆ. ರೈಟರ್ ತಾವೇ ಬದಲಾಯಿಸಬಹುದು. ಸಣ್ಣ ತಂಡಕ್ಕೆ, ಅದರಲ್ಲೂ ಸರ್ವರ್‌ನಲ್ಲಿ ಓಡುವ ಸಾಫ್ಟ್‌ವೇರ್‌ಗೆ, ಖರ್ಚಿಗೆ ಹೋಲಿಸಿದರೆ ಇದೇ ಒಳ್ಳೆಯ ಆಯ್ಕೆ ಅಂತ ನನಗನ್ನಿಸುತ್ತದೆ.

ಆದರೆ ಫ್ಲ್ಯಾಗ್ ಹುಟ್ಟಿಸುವುದು ಸುಲಭ, ಸಾಯಿಸುವುದು ಕಷ್ಟ. ಅಮೆರಿಕದಲ್ಲಿ ಷೇರು ವ್ಯವಹಾರ ನಡೆಸುತ್ತಿದ್ದ ನೈಟ್ ಕ್ಯಾಪಿಟಲ್ ಸಂಸ್ಥೆಗೆ 2012ರ ಆಗಸ್ಟ್ 1ರಂದು ಆದದ್ದು ಇದೇ. ಬಹಳ ಹಿಂದೆ ಬಳಕೆ ನಿಂತಿದ್ದ ಒಂದು ಫೀಚರ್‌ನ ಕೋಡ್ ಅಲ್ಲೇ ಉಳಿದಿತ್ತು. ಅದರ ಫ್ಲ್ಯಾಗನ್ನೇ ಹೊಸ ಫೀಚರ್‌ಗೆ ಬಳಸಿಕೊಂಡರು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಫ್ಲ್ಯಾಗ್ ಆನ್ ಆದಾಗ ಆ ಒಂದು ಸರ್ವರ್‌ನಲ್ಲಿ ಹಳೆಯ ಕೋಡ್ ಎದ್ದು ಕೂತಿತು. ಸುಮಾರು 45 ನಿಮಿಷದಲ್ಲಿ ಆದ ನಷ್ಟ 44 ಕೋಟಿ ಡಾಲರ್ ಅಥವಾ ಅದಕ್ಕಿಂತ ಜಾಸ್ತಿ. ನಿಮ್ಮ ತೋಟದ ಆ್ಯಪ್‌ನಲ್ಲಿ ಅಷ್ಟು ಹೋಗಲಿಕ್ಕಿಲ್ಲ, ಆದರೆ ತಪ್ಪಿನ ಬಗೆ ಇದೇ ಇರುತ್ತದೆ. ಹಾಗಾಗಿ ಒಂದು ಫ್ಲ್ಯಾಗ್‌ನ ಹೆಸರನ್ನು ಎಂದೂ ಎರಡನೇ ಸಲ ಬಳಸಬೇಡಿ. ಫೀಚರ್ ತೆಗೆದಾಗ ಕೋಡನ್ನೂ ತೆಗೆಯಿರಿ.

ಇನ್ನೊಂದು ಮಿತಿ: ಯಾವ ಫ್ಲ್ಯಾಗ್ ಜೊತೆ ಯಾವುದು ಹೊಂದುತ್ತದೆ ಅಂತ ಫ್ಲ್ಯಾಗ್‌ಗೆ ಗೊತ್ತಿರುವುದಿಲ್ಲ. ಆ ತಿಳಿವಳಿಕೆ ನಿಮ್ಮ ತಲೆಯಲ್ಲಿ ಮಾತ್ರ ಇರುತ್ತದೆ.

ಮಾಡ್ಯೂಲ್, ಪ್ಲಗಿನ್

ಓಡೂ (Odoo) ಅನ್ನುವ ವ್ಯವಹಾರದ ಸಾಫ್ಟ್‌ವೇರ್ ಬಳಸಿದವರಿಗೆ ಇದು ಗೊತ್ತು. ಪ್ರತಿ ಮಾಡ್ಯೂಲ್ ತನಗೆ ಬೇರೆ ಯಾವ ಮಾಡ್ಯೂಲ್ ಬೇಕು ಅಂತ ಒಂದು ಫೈಲ್‌ನಲ್ಲಿ ಬರೆದುಕೊಂಡಿರುತ್ತದೆ. ಸ್ಟಾಕ್, ಬಿಲ್ಲಿಂಗ್, ಹೋಂಸ್ಟೇ ಬುಕಿಂಗ್ ತರಹ ಬೇರೆ ಬೇರೆ ನಿಲ್ಲುವ ಕೆಲಸಗಳಿಗೆ ಅಚ್ಚುಕಟ್ಟು. ಮಾಡ್ಯೂಲಿಗೆ ಇಷ್ಟು ಅಂತ ಬೆಲೆ ಹೇಳಲೂ ಅನುಕೂಲ. ಎಲ್ಲ ಪರದೆಯನ್ನೂ ಮುಟ್ಟುವ ಫೀಚರ್ ಬಂದಾಗ ಇದು ಕೈಕೊಡುತ್ತದೆ. ಆಫ್‌ಲೈನ್ ಅನ್ನೋದನ್ನೇ ತಗೊಳ್ಳಿ. ಕಳಸದ ಕಡೆಯ ಎಷ್ಟೋ ತೋಟಗಳ ಒಳಗೆ ಸಿಗ್ನಲ್ ಇರುವುದಿಲ್ಲ. ಹಾಜರಿ, ತೂಕ, ಕೂಲಿ ಎಲ್ಲವೂ ಫೋನ್‌ನಲ್ಲೇ ಉಳಿದು ಆಮೇಲೆ ಹೋಗಬೇಕು. ಇದನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ ಬೇಕಾದವರಿಗೆ ಮಾತ್ರ ಕೊಡಲು ಆಗದು.

ಫೀಚರ್ ಮಾಡೆಲ್: ಹತ್ತಿರದಿಂದ ಒಂದು ನೋಟ

ಮೊದಲೇ ಒಂದು ಗೊಂದಲ ಕಳೆಯಬೇಕು. ಫೀಚರ್ ಮಾಡೆಲ್ ಮೇಲಿನವುಗಳ ಎದುರಾಳಿ ಅಲ್ಲ. ಇಫ್‌ಡೆಫ್, ಫ್ಲ್ಯಾಗ್, ಮಾಡ್ಯೂಲ್ ಇವು ವ್ಯತ್ಯಾಸವನ್ನು ಕೋಡ್‌ನಲ್ಲಿ ಮಾಡುವ ರೀತಿ. ಯಾವ ವ್ಯತ್ಯಾಸಗಳಿವೆ, ಯಾವುದರ ಜೊತೆ ಯಾವುದು ಸೇರಬಹುದು ಅನ್ನೋದನ್ನು ಬರೆದಿಡುವುದು ಫೀಚರ್ ಮಾಡೆಲ್. ಅಂದರೆ ಮಾಡೆಲ್ ಇಟ್ಟುಕೊಂಡೂ ಒಳಗೆ ಫ್ಲ್ಯಾಗ್ ಬಳಸಬಹುದು. ಈ ಪದ್ಧತಿ ಶುರುವಾದದ್ದು 1990ರಲ್ಲಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ಕ್ಯೋ ಕಾಂಗ್ ಮತ್ತು ಜೊತೆಗಾರರು ಬರೆದ ಒಂದು ವರದಿಯಿಂದ.

ಒಂದು ಸಣ್ಣ ತೋಟದ ಆ್ಯಪ್ ತಗೊಳ್ಳೋಣ. ಮೇಲೆ “ತೋಟದ ಲೆಕ್ಕ”. ಅದರ ಕೆಳಗೆ ಮರದ ಕೊಂಬೆಗಳು.

ಹಾಜರಿ ಕಡ್ಡಾಯ. ಚೆಕ್‌ರೋಲ್‌ನಲ್ಲಿ (ಹಾಜರಿ ಪಟ್ಟಿಯಲ್ಲಿ) ಕೈಯಿಂದ ತುಂಬುವುದು, ಬೆರಳಚ್ಚು, ಮುಖ ಗುರುತು ಈ ಮೂರರಲ್ಲಿ ಒಂದೇ ಒಂದು ಇರಬೇಕು. ಕೂಲಿ ಕೂಡ ಕಡ್ಡಾಯ. ದಿನಗೂಲಿ, ಕೆಜಿ ಲೆಕ್ಕ ಇವುಗಳಲ್ಲಿ ಕನಿಷ್ಠ ಒಂದು, ಬೇಕಾದರೆ ಎರಡೂ. ತೂಕ ಐಚ್ಛಿಕ. ಇದ್ದರೆ ಕೈಯಿಂದ ಬರೆಯುವುದು ಅಥವಾ ಬ್ಲೂಟೂತ್ ತಕ್ಕಡಿ, ಎರಡರಲ್ಲಿ ಒಂದು. ಆಫ್‌ಲೈನ್ ಐಚ್ಛಿಕ. ಎಸ್‌ಎಂಎಸ್ ಐಚ್ಛಿಕ.

ಒಟ್ಟು ಒಂಬತ್ತು ಟಿಕ್ ಬಾಕ್ಸ್. ಸುಮ್ನೆ ಟಿಕ್ ಹಾಕಲು ಬಿಟ್ಟರೆ 512 ಜೋಡಣೆ ಆಗುತ್ತವೆ. ಮರದ ನಿಯಮ ಪಾಲಿಸಿದರೆ 108 ಉಳಿಯುತ್ತವೆ. ಇನ್ನು ಅಡ್ಡ ನಿಯಮಗಳು. ಕೆಜಿ ಲೆಕ್ಕ ಬೇಕಾದರೆ ತೂಕ ಇರಲೇಬೇಕು. ಮುಖ ಗುರುತು ಸರ್ವರ್‌ನಲ್ಲಿ ಆಗುವುದರಿಂದ ಆಫ್‌ಲೈನ್ ಜೊತೆ ಇರಕೂಡದು. ಈಗ 70. ಬ್ಲೂಟೂತ್ ತಕ್ಕಡಿ ಇರುವುದು ಕೊಯ್ಲು ನಡೆಯುವ ಜಾಗದಲ್ಲಿ, ಅಲ್ಲಿ ಸಿಗ್ನಲ್ ಇಲ್ಲ, ಹಾಗಾಗಿ ಅದಕ್ಕೆ ಆಫ್‌ಲೈನ್ ಬೇಕೇ ಬೇಕು ಅಂತ ಇನ್ನೊಂದು ನಿಯಮ ಸೇರಿಸಿ. ಉಳಿದದ್ದು 52.

ಈ ಕೊನೆಯ ನಿಯಮದಿಂದ ಇನ್ನೊಂದು ಆಯಿತು, ಗಮನಿಸಿದಿರಾ? ಬ್ಲೂಟೂತ್ ತಕ್ಕಡಿಗೆ ಆಫ್‌ಲೈನ್ ಬೇಕು. ಆಫ್‌ಲೈನ್ ಇದ್ದರೆ ಮುಖ ಗುರುತು ಇಲ್ಲ. ಹಾಗಾಗಿ ಬ್ಲೂಟೂತ್ ತಕ್ಕಡಿಯೂ ಮುಖ ಗುರುತೂ ಒಂದೇ ತೋಟಕ್ಕೆ ಎಂದೂ ಕೊಡಲಾಗದು. ಈ ಮಾತನ್ನು ಯಾರೂ ಎಲ್ಲೂ ಬರೆದಿಲ್ಲ. ಎರಡೂ ದುಬಾರಿ ಫೀಚರ್, ದೊಡ್ಡ ತೋಟದವರು ಎರಡನ್ನೂ ಒಟ್ಟಿಗೆ ಕೇಳುತ್ತಾರೆ. ಮಾರಲು ಹೋದವರು “ಆಗುತ್ತೆ ಸರ್, ಮಾಡಿಕೊಡ್ತೀವಿ” ಅಂದು ಅಡ್ವಾನ್ಸ್ ಇಸ್ಕೊಂಡು ಬರುತ್ತಾರೆ. ಮೂರೇ ನಿಯಮದಲ್ಲಿ ಇಂಥದ್ದು ಅಡಗಿರುವಾಗ ಮೂವತ್ತು ನಿಯಮದಲ್ಲಿ ಎಷ್ಟಿರಬಹುದು? ಮಾಡೆಲ್‌ಗೆ ಖರ್ಚು ಮಾಡುವುದು ಇದಕ್ಕಾಗಿ. ಮಾಡೆಲನ್ನು ತರ್ಕದ ಸೂತ್ರವಾಗಿ ಬದಲಾಯಿಸಿ ಸ್ಯಾಟ್ ಸಾಲ್ವರ್‌ಗೆ (ಇಂಥ ಸೂತ್ರ ನಿಜವಾಗಲು ಸಾಧ್ಯವೇ ಅಂತ ಹುಡುಕುವ ಪ್ರೋಗ್ರಾಂಗೆ) ಕೊಟ್ಟರೆ, ಯಾವ ಜೋಡಣೆಯಲ್ಲೂ ಬರಲಾಗದ ಸತ್ತ ಫೀಚರ್ ಯಾವುದು, ಐಚ್ಛಿಕ ಅಂತ ಬರೆದಿದ್ದರೂ ನಿಜದಲ್ಲಿ ಕಡ್ಡಾಯವಾಗಿರುವುದು ಯಾವುದು ಅಂತ ಯಂತ್ರವೇ ಹೇಳುತ್ತದೆ.

ಟೆಸ್ಟಿಂಗ್‌ಗೂ ಲಾಭ ಇದೆ. 52 ಜೋಡಣೆ ಆದರೆ ರಾತ್ರಿ ಸ್ಕ್ರಿಪ್ಟ್ ಹಾಕಿ ಎಲ್ಲವನ್ನೂ ಓಡಿಸಬಹುದು. ಆದರೆ ಒಂದಕ್ಕೊಂದು ಸಂಬಂಧವಿಲ್ಲದ 33 ಐಚ್ಛಿಕ ಫೀಚರ್ ಇದ್ದರೆ ಜೋಡಣೆಗಳು ಸುಮಾರು 859 ಕೋಟಿ, ಜಗತ್ತಿನ ಜನಸಂಖ್ಯೆಗಿಂತ ಜಾಸ್ತಿ. ಆಗ ಪ್ರತಿ ಎರಡು ಫೀಚರ್‌ಗಳ ಎಲ್ಲ ಸಾಧ್ಯ ಜೋಡಿಯೂ ಒಮ್ಮೆಯಾದರೂ ಬರುವಂತೆ ಕೆಲವನ್ನೇ ಆರಿಸಿ ಟೆಸ್ಟ್ ಮಾಡುತ್ತಾರೆ. ಪೇರ್‌ವೈಸ್ ಅನ್ನುವ ಈ ವಿಧಾನಕ್ಕೆ ಯಾವ ಜೋಡಿ ಸಾಧ್ಯ, ಯಾವುದು ಅಲ್ಲ ಅಂತ ಮೊದಲೇ ಗೊತ್ತಿರಬೇಕು. ಅದನ್ನು ಹೇಳುವುದು ಮಾಡೆಲ್.

ಇದರ ನಿಜವಾದ ಖರ್ಚು ಟೂಲ್‌ನದಲ್ಲ. ಕೋಡ್ ಒಂದು ಕಡೆ, ಮಾಡೆಲ್ ಒಂದು ಕಡೆ ಹೋಗದಂತೆ ನೋಡಿಕೊಳ್ಳುವುದೇ ಖರ್ಚು. ಲಿನಕ್ಸ್ ಕರ್ನೆಲ್‌ನಲ್ಲೂ ಯಾವ ಸೆಟ್ಟಿಂಗ್ ಹಾಕಿದರೂ ಕಂಪೈಲ್ ಆಗದ ಕೋಡ್ ತುಂಡುಗಳನ್ನು ಸಂಶೋಧಕರು ಹುಡುಕಿ ತೆಗೆದಿದ್ದಾರೆ. ಅಷ್ಟು ಜನ ನೋಡುವ ಕೋಡ್‌ನಲ್ಲೇ ಹೀಗೆ. ಹೊಸ ಫ್ಲ್ಯಾಗ್ ಸೇರಿಸುವವರು ಅದೇ ಕಮಿಟ್‌ನಲ್ಲಿ ಮಾಡೆಲನ್ನೂ ತಿದ್ದಬೇಕು ಅನ್ನುವ ಶಿಸ್ತು ನಿಮ್ಮ ತಂಡಕ್ಕೆ ಒಗ್ಗದಿದ್ದರೆ ಮಾಡೆಲ್ ಮಾಡದಿರುವುದೇ ವಾಸಿ. ಸುಳ್ಳು ಹೇಳುವ ನಕ್ಷೆ ಇದ್ದರೆ ದಾರಿ ಇನ್ನೂ ತಪ್ಪುತ್ತದೆ.

ಮಾಡೆಲ್ ಇಡುವುದು ಎಲ್ಲಿ?

ಅತಿ ಅಗ್ಗದ್ದು ಎಕ್ಸೆಲ್. ಅಡ್ಡ ಸಾಲಿನಲ್ಲಿ ಫೀಚರ್, ಉದ್ದ ಸಾಲಿನಲ್ಲಿ ಗಿರಾಕಿ. ಯಾರಿಗೆ ಏನು ಕೊಟ್ಟಿದ್ದೀರಿ ಅಂತ ಒಂದೇ ನೋಟಕ್ಕೆ ಕಾಣುತ್ತದೆ. ನಿಯಮಗಳು ಮಾತ್ರ ಕಾಣುವುದಿಲ್ಲ. ನಂಟುಗಳು ನಾಲ್ಕೈದಕ್ಕಿಂತ ಕಡಿಮೆ ಇದ್ದರೆ ಇದರ ಕೆಳಗೆ ನಿಯಮಗಳನ್ನು ಕನ್ನಡದಲ್ಲೇ ಬರೆದಿಟ್ಟರೂ ನಡೆಯುತ್ತದೆ. ನಾನು ಹೆಚ್ಚಿನವರಿಗೆ ಮೊದಲು ಹೇಳುವುದು ಇದನ್ನೇ.

ಅಲ್ಲಿಂದ ಮುಂದಕ್ಕೆ ಯುವಿಎಲ್ (ಯುನಿವರ್ಸಲ್ ವೇರಿಯಬಿಲಿಟಿ ಲ್ಯಾಂಗ್ವೇಜ್), ಫೀಚರ್ ಮಾಡೆಲ್ ಬರೆಯುವ ಭಾಷೆ. ಇಂಡೆಂಟ್ ಮಾಡಿ ಬರೆಯುವ ಮಾಮೂಲಿ ಪಠ್ಯ ಫೈಲ್. ಬೇರೆ ಬೇರೆ ಟೂಲ್‌ಗಳ ನಡುವೆ ಒಂದೇ ಭಾಷೆ ಇರಲಿ ಅಂತ ಸಂಶೋಧಕರು ಸೇರಿ ಮಾಡಿಕೊಂಡದ್ದು. ಗಿಟ್‌ನಲ್ಲಿ ಕೋಡ್ ಪಕ್ಕದಲ್ಲೇ ಇಡಬಹುದು. ಪೈಥಾನ್ ಗೊತ್ತಿದ್ದರೆ ಫ್ಲಾಮಾಪೈ ಅನ್ನುವ ಲೈಬ್ರರಿ ಇದನ್ನು ಓದಿ ತಪಾಸಣೆ ಮಾಡುತ್ತದೆ. ಖರ್ಚು ಇಲ್ಲ. ಮರದ ಚಿತ್ರ ಕಣ್ಣಿಗೆ ಕಾಣಬೇಕು ಅನ್ನುವವರಿಗೆ ಫೀಚರ್‌ಐಡಿಇ ಇದೆ. ಕೋಡ್ ಬರೆಯುವ ಎಕ್ಲಿಪ್ಸ್ ಸಾಫ್ಟ್‌ವೇರ್ ಮೇಲೆ ಕೂರುವ ಉಚಿತ ಟೂಲ್. ಒಂದು ಫೀಚರ್ ಆರಿಸಿದ ತಕ್ಷಣ ಅದರಿಂದ ಕಡ್ಡಾಯ ಆಗುವುದನ್ನು ತಾನೇ ಟಿಕ್ ಮಾಡುತ್ತದೆ, ಸಾಧ್ಯವಿಲ್ಲದ್ದನ್ನು ಮುಚ್ಚುತ್ತದೆ. ಎಕ್ಲಿಪ್ಸ್ ಕಂಡರೆ ಆಗದವರಿಗೆ ಇದು ಹಿಡಿಸುವುದಿಲ್ಲ, ಅಷ್ಟೇ.

ಬೋರ್ಡ್ ಮಾಡುವವರಿಗೆ ಒಂದು ಮಾತು. ಇಎಸ್‌ಪಿ32 ಚಿಪ್ ಬಳಸುವವರು ಅದರ ಆಯ್ಕೆಗಳ ಮೆನು ಮೆನುಕಾನ್ಫಿಗ್ ತೆರೆದು ನೋಡಿರುತ್ತೀರಿ. ಅದರ ಹಿಂದೆ ಇರುವುದು ಕೆಕಾನ್ಫಿಗ್, ಲಿನಕ್ಸ್ ಕರ್ನೆಲ್‌ಗಾಗಿ ಹುಟ್ಟಿದ ಭಾಷೆ. ಕರ್ನೆಲ್‌ನಲ್ಲಿ 10,000ಕ್ಕೂ ಹೆಚ್ಚು ಆಯ್ಕೆಗಳನ್ನು ಅದೇ ನಿಭಾಯಿಸುತ್ತಿದೆ. ಸಣ್ಣ ಸಾಧನಗಳಿಗೆ ಬಳಸುವ ಝೆಫಿರ್, ಬಿಲ್ಡ್‌ರೂಟ್‌ಗಳಲ್ಲೂ ಅದೇ. ಅಂದರೆ ನೀವು ಆಗಲೇ ಫೀಚರ್ ಮಾಡೆಲ್ ಬಳಸುತ್ತಿದ್ದೀರಿ. ಹೊಸ ಟೂಲ್ ಹುಡುಕದೆ ನಿಮ್ಮ ಫೀಚರ್‌ಗಳನ್ನೂ ಅಲ್ಲೇ ಸೇರಿಸಿ. ಒಂದು ಎಚ್ಚರಿಕೆ: “ಡಿಪೆಂಡ್ಸ್ ಆನ್” ಮತ್ತು “ಸೆಲೆಕ್ಟ್” ಒಂದೇ ಅಲ್ಲ. ಡಿಪೆಂಡ್ಸ್ ಆನ್ ಅಂದರೆ ಅದು ಇದ್ದರೆ ಮಾತ್ರ ಇದನ್ನು ಆರಿಸಬಹುದು. ಒಂದು ಫೀಚರ್ ಇನ್ನೊಂದನ್ನು ಸೆಲೆಕ್ಟ್ ಮಾಡಿದರೆ ಆ ಇನ್ನೊಂದು ತನಗೆ ಬೇಕಾದದ್ದು ಇದೆಯೋ ಇಲ್ಲವೋ ನೋಡದೆ ಬಲವಂತವಾಗಿ ಆನ್ ಆಗುತ್ತದೆ. ಕರ್ನೆಲ್‌ನವರೇ ಇದನ್ನು ಹುಷಾರಾಗಿ ಬಳಸಿ ಅಂದಿದ್ದಾರೆ. ಬೇರೆ ಯಾವುದರ ಮೇಲೂ ಅವಲಂಬಿಸದ ಸಣ್ಣ ಫೀಚರ್‌ಗೆ ಮಾತ್ರ ಸೆಲೆಕ್ಟ್ ಇಟ್ಟುಕೊಳ್ಳಿ.

ಪ್ಯೂರ್ ವೇರಿಯಂಟ್ಸ್‌ನಂಥ ದುಡ್ಡಿನ ಟೂಲ್‌ಗಳು ಬೇರೆಯದೇ ಲೋಕ. ಅವಶ್ಯಕತೆಗಳ ದಾಖಲೆ, ಡಿಸೈನ್, ಟೆಸ್ಟ್ ಎಲ್ಲಕ್ಕೂ ಮಾಡೆಲನ್ನು ಜೋಡಿಸುತ್ತವೆ. ಕಾರು, ವಿಮಾನದ ಭಾಗ ಮಾಡುವ ಕಂಪನಿಗೆ ಕೆಲಸ ಮಾಡಿಕೊಡುತ್ತಿದ್ದು, ಅವರೇ ಅದನ್ನು ಕೇಳಿದರೆ ತಗೊಳ್ಳಿ. ತೋಟದ ಆ್ಯಪ್‌ಗೆ ಬೇಡ.

ನಿಮ್ಮ ಜಾಗ ಯಾವುದು

ಒಬ್ಬರೇ ಮಾಡುತ್ತಿದ್ದೀರಿ, ಗಿರಾಕಿ ಎರಡು ಮೂರೇ ಅಂದರೆ ಕಾಪಿ ಮತ್ತು ಒಂದು ಎಕ್ಸೆಲ್ ಹಾಳೆ. ಸರ್ವರ್ ಆ್ಯಪ್, ನಾಲ್ಕೈದು ಜನರ ತಂಡ, ಹತ್ತಾರು ಗಿರಾಕಿ ಅಂದರೆ ಫ್ಲ್ಯಾಗ್. ಬಿಡಿಬಿಡಿಯಾಗಿ ಮಾರುವಂಥದ್ದು ಇದ್ದರೆ ಅದನ್ನು ಮಾಡ್ಯೂಲ್ ಮಾಡಿ. ನಂಟುಗಳು ಐದಾರು ದಾಟಿದ ದಿನ ಯುವಿಎಲ್ ಫೈಲ್ ಶುರು ಮಾಡಿ, ಫ್ಲ್ಯಾಗ್ ಸೇವ್ ಮಾಡುವ ಮುಂಚೆ ಅದರ ವಿರುದ್ಧ ತಾಳೆ ನೋಡುವ ಒಂದು ಫಂಕ್ಷನ್ ಬರೆಯಿರಿ. ಸಾಧನ ಮಾಡುವವರಾದರೆ ಕೆಕಾನ್ಫಿಗ್, ಎರಡು ಯೋಚನೆ ಬೇಡ. ಮಾರುವವರು ಬೇರೆ, ಕೋಡ್ ಬರೆಯುವವರು ಬೇರೆ ಆಗಿರುವ ತಂಡಕ್ಕೆ ಫೀಚರ್‌ಐಡಿಇಯಂಥ ಕಣ್ಣಿಗೆ ಕಾಣುವ ಮರ ಹೆಚ್ಚು ಉಪಯೋಗ. ಕೊಟೇಶನ್ ಮಾಡುವಾಗಲೇ ಆಗದ್ದು ಯಾವುದು ಅಂತ ಅವರಿಗೆ ಗೊತ್ತಾಗಲಿ.

ಈಗಾಗಲೇ ಏಳೆಂಟು ಕಾಪಿ ಇಟ್ಟುಕೊಂಡವರು ಎಲ್ಲವನ್ನೂ ಒಟ್ಟಿಗೆ ಸೇರಿಸಲು ಹೋಗಬೇಡಿ. ಹೆಚ್ಚು ಹೋಲುವ ಎರಡು ಕಾಪಿ ಆರಿಸಿ, ಡಿಫ್ ತೆಗೆಯಿರಿ. ಕಂಡ ಪ್ರತಿ ವ್ಯತ್ಯಾಸಕ್ಕೂ “ಇದು ಗಿರಾಕಿ ಕೇಳಿದ್ದಾ, ಇಲ್ಲಾ ನಾವು ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಟ್ಟದ್ದಾ?” ಅಂತ ಕೇಳಿಕೊಳ್ಳಿ. ಬಿಟ್ಟುಹೋದದ್ದನ್ನು ಎರಡೂ ಕಡೆ ಸಮ ಮಾಡಿ. ಕೇಳಿದ್ದಕ್ಕೆ ಮಾತ್ರ ಫೀಚರ್ ಅಂತ ಹೆಸರು ಕೊಟ್ಟು ಫ್ಲ್ಯಾಗ್ ಹಾಕಿ, ಮಾಡೆಲ್‌ನಲ್ಲಿ ಬರೆಯಿರಿ. ಆಮೇಲೆ ಮೂರನೆಯ ಕಾಪಿ. ಈ ಕೆಲಸ ಮಳೆಗಾಲದಲ್ಲಿ ಮಾಡಿ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೋಬಸ್ಟಾ ಮುಗಿಯುವ ತನಕ ಯಾವ ತೋಟದವರೂ ಹೊಸ ವರ್ಷನ್ ಹಾಕಿಸಿಕೊಳ್ಳಲು ಒಪ್ಪುವುದಿಲ್ಲ, ಒಪ್ಪಲೂಬಾರದು.